ಕಡಲು ದಾಟಬಲ್ಲ ನೋಟು

ವ್ಯಾಂಕೂವರಿನ ಕೆನಡಾ ಪ್ಲೇಸ್ ಕಟ್ಟೆಯಿಂದ ಇಷ್ಟೊಂದು ಹಡಗುಗಳು ಅಲಾಸ್ಕಾಕ್ಕೆ ಹೊರಡುವುದರ ಹಿಂದೆ 1886ರ ಒಂದು ಅಮೆರಿಕನ್ ಕಾಯಿದೆಯೂ ಇದೆ. ವಿದೇಶಿ ಬಾವುಟದ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡ ಜನರನ್ನು ಹೊರಗಿನ ಯಾವ ಬಂದರನ್ನೂ ಮುಟ್ಟದೆ ಅಮೆರಿಕದಲ್ಲೇ ಇಳಿಸುವಂತಿಲ್ಲ ಅನ್ನುವ ಕಾಯಿದೆ ಅದು. ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ ಇಂಥ ಕಡೆಗಳ ಬಾವುಟದವು. ಹೀಗಾಗಿ ಸಿಯಾಟಲ್‌ನಿಂದ ಹೊರಟವು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾಕ್ಕೆ ಬಂದು ಹೋಗುತ್ತವೆ, ಉಳಿದವುಗಳಲ್ಲಿ ಬಹಳಷ್ಟು ವ್ಯಾಂಕೂವರಿನಿಂದಲೇ ಹೊರಡುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಿನ ಕಟ್ಟೆಯನ್ನು ಹಾದುಹೋಗುವ ಪ್ರಯಾಣಿಕರು ಈಗ ವರ್ಷಕ್ಕೆ 10 ಲಕ್ಷ ಮೀರುತ್ತಾರೆ. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದರೆ ಅಲಾಸ್ಕಾ, ಅರವತ್ತರ ಶಾಂತಿ ಮುಗಿದರೆ ಅಲಾಸ್ಕಾ, ನಾಲ್ಕು ಮನೆಯವರು ಸೇರಿದರೂ ಅಲಾಸ್ಕಾ.

ಪ್ರಯಾಣದ ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಟ್ಟ ಮೇಲೆ, ವಾರವಿಡೀ ಹಾಸಿಗೆ ಹಾಸಿ ಕೋಣೆ ಗುಡಿಸಿದ ಹುಡುಗನಿಗೆ ಏನಾದರೂ ಕೊಡಬೇಕು ಅನ್ನುವ ಯೋಚನೆ ಬರುತ್ತದೆ. ಒಳ್ಳೆಯ ಮನಸ್ಸೇ ಅದು. ಆಗ ಕೈ ಹೋಗುವುದು ಪರ್ಸಿನ ತಳಕ್ಕೆ. ಕೆನಡಾದಲ್ಲಿ ಬದುಕುವವರ ಪರ್ಸಿನಲ್ಲಿ ಲೂನಿ, ಟೂನಿ ಎಂದೂ ಇರುತ್ತವೆ. ಇಲ್ಲಿ 1987ರಲ್ಲಿ ಒಂದು ಡಾಲರಿನ ನಾಣ್ಯ ಲೂನಿ ಬಂತು, 1996ರಲ್ಲಿ ಎರಡು ಡಾಲರಿನ ಟೂನಿ ಬಂತು, ಆ ಬೆಲೆಯ ನೋಟುಗಳೆರಡೂ ಹೋದವು. ಈಗ ಐದು ಡಾಲರಿಗಿಂತ ಸಣ್ಣ ನೋಟೇ ಇಲ್ಲ. ಕಾಫಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಎರಡು ಟೂನಿ ಇಟ್ಟು ಬರುವುದು ನಮಗೆಲ್ಲ ಅಭ್ಯಾಸವಾಗಿದೆ. ಅದೇ ಅಭ್ಯಾಸದಲ್ಲಿ ಹಡಗಿನ ಟಿಪ್ಸಿನ ಲಕೋಟೆಗೂ ಇಪ್ಪತ್ತು ಟೂನಿ ಬೀಳುತ್ತವೆ. ನಲವತ್ತು ಡಾಲರ್, ಸುಮಾರು 140 ಗ್ರಾಂ ತೂಕ. ಕೊಟ್ಟವರಿಗೆ ಕೊಟ್ಟ ತೃಪ್ತಿ.

ಆ ಇಪ್ಪತ್ತು ನಾಣ್ಯಗಳು ಮುಂದೆ ಎಲ್ಲಿಗೆ ಹೋಗುತ್ತವೆ? ನನ್ನನ್ನು ಕಾಡಿದ ಪ್ರಶ್ನೆ ಅದು. ಹಡಗಿನೊಳಗೆ ನಡೆಯುವುದು ಅಮೆರಿಕನ್ ಡಾಲರ್. ಕೆಚಿಕಾನ್, ಜೂನೋ, ಸ್ಕಾಗ್‌ವೇ ಬಂದರುಗಳು ಅಮೆರಿಕದವು, ಅಲ್ಲಿ ಟೂನಿಗೆ ಬೆಲೆಯಿಲ್ಲ. ಅದು ಚಲಾವಣೆಯಾಗುವ ಊರು ವ್ಯಾಂಕೂವರ್. ಆದರೆ ಹಡಗು ವ್ಯಾಂಕೂವರಿಗೆ ಬರುವ ದಿನ ಅದನ್ನು ಪಡೆದವನಿಗೆ ನೆಲಕ್ಕೆ ಕಾಲಿಡಲು ಬಿಡುವಿಲ್ಲ. ಬೆಳಿಗ್ಗೆ ಎರಡು ಮೂರು ಸಾವಿರ ಜನ ಇಳಿಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅಷ್ಟೇ ಜನ ಹೊಸಬರು ಹತ್ತುತ್ತಾರೆ. ನಡುವಿನ ಕೆಲವೇ ಗಂಟೆಗಳಲ್ಲಿ ಅವನು ತನ್ನ ಪಾಲಿನ ಕೋಣೆಗಳನ್ನೆಲ್ಲ ಹೊಸದಾಗಿ ಸಜ್ಜುಗೊಳಿಸಬೇಕು. ಅವನ ವಾರದಲ್ಲಿ ಅದಕ್ಕಿಂತ ಕಠಿಣವಾದ ದಿನ ಇನ್ನೊಂದಿಲ್ಲ. ಹೀಗೆ ವಾರಗಳು ಉರುಳಿ ಅಕ್ಟೋಬರ್ ಬರುತ್ತದೆ. ಅಲಾಸ್ಕಾದ ಋತು ಮುಗಿದು ಹಡಗು ಕೆರಿಬಿಯನ್ನಿಗೋ ಆಸ್ಟ್ರೇಲಿಯಾಕ್ಕೋ ಏಷ್ಯಾಕ್ಕೋ ಹೊರಡುತ್ತದೆ. ನಾಣ್ಯಗಳು ಅವನ ಲಾಕರಿನಲ್ಲೇ ಉಳಿಯುತ್ತವೆ.

ನಾವು ಹೋದ ಹಡಗಿನಲ್ಲಿ ನಮ್ಮ ಊಟದ ಮೇಜು ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಬೈಂದೂರಿನ ಕಡೆಯವನು. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ಇಂಡಿಯಾ ಎಂದಷ್ಟೇ ಇತ್ತು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಎರಡನೆಯ ದಿನ ತಾನೇ ಮಾತು ಶುರು ಮಾಡಿದ. ಬಿಡುವಾಗಿದ್ದಾಗ ಟಿಪ್ಸಿನ ವಿಷಯ ಕೇಳಿದೆ. ಮೊದಲು ಸಂಕೋಚಪಟ್ಟ, ಆಮೇಲೆ ಹೇಳಿದ: "ನಾಣ್ಯ ಕೊಟ್ರೆ ಎಂತ ಮಾಡುದು ಅಂಕಲ್? ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅವ್ರು ಪ್ರೀತಿಯಿಂದ ಕೊಡುದು. ಊರಲ್ಲಿ ಎಕ್ಸ್‌ಚೇಂಜಿನವ್ರು ನಾಣ್ಯ ಕೈಯಲ್ಲಿ ಮುಟ್ಟುದಿಲ್ಲ. ಅಕ್ಕನ ಮಕ್ಕಳಿಗೆ ಆಡ್ಲಿಕ್ಕೆ ಕೊಟ್ಟಿದ್ದೇನೆ."

ಅವನು ಹೇಳಿದ್ದು ಬೈಂದೂರಿನ ಒಬ್ಬ ವ್ಯಾಪಾರಿಯ ಹಟವಲ್ಲ. ಹಣ ಬದಲಾಯಿಸುವ ಅಂಗಡಿಗಳು ಜಗತ್ತಿನಲ್ಲೆಲ್ಲ ಸಾಮಾನ್ಯವಾಗಿ ನಾಣ್ಯ ತೆಗೆದುಕೊಳ್ಳುವುದಿಲ್ಲ. ನೋಟಾದರೆ ಕಟ್ಟು ಕಟ್ಟಿ ಇನ್ನೊಬ್ಬರಿಗೆ ಮಾರಬಹುದು, ನಾಣ್ಯವನ್ನು ಅದರ ದೇಶಕ್ಕೆ ಸಾಗಿಸುವ ಖರ್ಚೇ ಅದರ ಬೆಲೆಯನ್ನು ತಿಂದುಬಿಡುತ್ತದೆ. ಭಾರತದ ವಿದೇಶಿ ವಿನಿಮಯ ನಿಯಮದಲ್ಲಿ ದೇಶದೊಳಗಿನವರು ಕೈಯಲ್ಲಿಟ್ಟುಕೊಳ್ಳಬಹುದಾದ ವಿದೇಶಿ ನೋಟಿಗೆ 2,000 ಡಾಲರಿನ ಮಿತಿ ಇದೆ, ನಾಣ್ಯಕ್ಕೆ ಮಿತಿಯೇ ಇಲ್ಲ. ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಕೊಳ್ಳುವವರಿಲ್ಲದ ವಸ್ತುವಿಗೆ ಮಿತಿ ಹಾಕುವ ಅಗತ್ಯ ಕಾನೂನಿಗೆ ಕಾಣಲಿಲ್ಲವೇನೋ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಈ ಕಷ್ಟ ಕೆನಡಾದ ನಾಣ್ಯದ್ದು ಮಾತ್ರವಲ್ಲ. ಯೂರೋಪಿನಲ್ಲಿ ಐದಕ್ಕಿಂತ ಸಣ್ಣ ಯೂರೋ ನೋಟಿಲ್ಲ, ಒಂದು ಎರಡು ಯೂರೋ ಎಲ್ಲ ನಾಣ್ಯವೇ. ಬ್ರಿಟನ್ನಿನಿಂದ ಬರುವ ಕೆಲವರು ಸ್ಕಾಟ್ಲೆಂಡಿನ ಬ್ಯಾಂಕುಗಳು ಮುದ್ರಿಸಿದ ಪೌಂಡ್ ನೋಟು ಕೊಡುತ್ತಾರೆ. ಅದು ಅಪ್ಪಟ ಹಣವೇ, ಆದರೆ ಏಷ್ಯಾದ ಅಂಗಡಿಯವನು ಅದನ್ನು ಕಂಡು ಬೇಡವೆಂದು ತಲೆಯಾಡಿಸುತ್ತಾನೆ. ಇಂಗ್ಲೆಂಡಿನ ಹಳೆಯ ಕಾಗದದ 20 ಮತ್ತು 50 ಪೌಂಡಿನ ನೋಟುಗಳಿಗೆ 2022ರ ಸೆಪ್ಟೆಂಬರ್ 30ರ ನಂತರ ಚಲಾವಣೆ ತಪ್ಪಿತು. ಮನೆಯ ಕಪಾಟಿನಲ್ಲಿ ಉಳಿದಿದ್ದ ಅಂಥದ್ದೊಂದನ್ನು ತಂದು ಕೊಟ್ಟರೆ ಪಡೆದವನು ಅದಕ್ಕಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಪತ್ರ ಬರೆಯಬೇಕು. ಬಹಾಮಾಸಿನ ಡಾಲರ್ ಅಮೆರಿಕನ್ ಡಾಲರಿಗೆ ಸರಿಸಮ, ಆದರೆ ಆ ದ್ವೀಪಗಳ ಆಚೆ ಅದನ್ನು ಕೇಳುವವರಿಲ್ಲ.

ನಮ್ಮ ರೂಪಾಯಿಯ ಮಾತು ಸ್ವಲ್ಪ ಬೇರೆ. ಊರಿನಿಂದ ಬಂದ ಹಿರಿಯರು ಕನ್ನಡ ಮಾತಾಡುವ ಹುಡುಗ ಸಿಕ್ಕನೆಂದು ಐನೂರರ ನೋಟು ಕೈಗೆ ತುರುಕುವುದನ್ನು ಕಂಡಿದ್ದೇನೆ. ಬೈಂದೂರಿನವನಿಗೆ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಕರಾರು ಮುಗಿದು ಊರಿಗೆ ಹೋದ ಮೇಲೆ. ಪಕ್ಕದಲ್ಲಿ ನಿಂತು ಅಷ್ಟೇ ದುಡಿದ ಫಿಲಿಪೀನ್ಸಿನವಳಿಗೆ, ಇಂಡೊನೇಶಿಯಾದವನಿಗೆ ಅದೇ ನೋಟನ್ನು ಕೊಟ್ಟರೆ ಏನೂ ಕೊಟ್ಟಂತಾಗಲಿಲ್ಲ. 2016ರ ನವೆಂಬರಿನಲ್ಲಿ ನಮ್ಮದೇ ಐನೂರು, ಸಾವಿರದ ನೋಟುಗಳು ರಾತ್ರೋರಾತ್ರಿ ಬೆಲೆ ಕಳೆದುಕೊಂಡಾಗ ಇಲ್ಲಿದ್ದ ನಮ್ಮ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಅವು ಉಳಿದುಹೋದವು. ಕೈಯಲ್ಲಿ ಹಣವಿದ್ದೂ ಅದು ಹಣವಾಗದೇ ಇರುವುದು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಅಮೆರಿಕನ್ ಡಾಲರಿನ ನೋಟು. ಮಂಗಳೂರು, ಮನಿಲಾ, ಡೆನ್‌ಪಸಾರ್ ಎಲ್ಲ ಕಡೆ ಬದಲಾಗುವ ಹಣ ಅದು. ಹಡಗಿನೊಳಗೆ ಸೋಪು, ಫೋನಿನ ಡೇಟಾ, ತಿಂಡಿ ಕೊಳ್ಳಲಿಕ್ಕೂ ಅದೇ ಆಗುತ್ತದೆ. ಆದರೆ ಅದರಲ್ಲೂ ನೋಡಿ ಕೊಡಬೇಕಾದ್ದಿದೆ. 1861ರಿಂದ ಮುದ್ರಿಸಿದ ತನ್ನ ನೋಟುಗಳೆಲ್ಲ ಇಂದಿಗೂ ಸಲ್ಲುತ್ತವೆ ಎಂದು ಅಮೆರಿಕದ ಸರಕಾರ ಹೇಳುತ್ತದೆ, ಆಗ್ನೇಯ ಏಷ್ಯಾದ ಅನೇಕ ವಿನಿಮಯದವರು ಹಾಗೆ ಹೇಳುವುದಿಲ್ಲ. ಮಡಿಕೆ ಹರಿದದ್ದು, ಪೆನ್ನಿನಲ್ಲಿ ಗೀಚಿದ್ದು, ಮುದ್ರೆ ಒತ್ತಿದ್ದು ಕಂಡರೆ ಹಿಂದಕ್ಕೆ ತಳ್ಳುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. ನೂರರ ನೋಟಾದರೆ 2013ರಲ್ಲಿ ಬಂದ ನೀಲಿ ಪಟ್ಟಿಯದ್ದನ್ನೇ ಕೇಳುತ್ತಾರೆ. ಒಂದು, ಐದು ಡಾಲರಿನ ನೋಟುಗಳಿಗೆ ದೊಡ್ಡ ನೋಟಿಗಿಂತ ಕಡಿಮೆ ದರ ಕೊಡುವ ಅಂಗಡಿಗಳು ನಮ್ಮ ದೇಶದಲ್ಲೂ ಇವೆ. ಇಪ್ಪತ್ತು ಕೊಡುವುದಿದ್ದರೆ ಇಪ್ಪತ್ತರದ್ದೇ ಒಂದು ನೋಟು ಒಳ್ಳೆಯದು. ಅಂಗಡಿಯಲ್ಲಿ ನಡೆಯದ ಹರಿದ ನೋಟನ್ನು ದೇವಸ್ಥಾನದ ಹುಂಡಿಗೆ ಹಾಕುವವರನ್ನು ನಮ್ಮ ಅಜ್ಜಿ ಕ್ಷಮಿಸುತ್ತಿರಲಿಲ್ಲ. ಪರದೇಶದಲ್ಲಿ ಕೆಲಸ ಮಾಡುವವನ ಕೈಗೆ ಇಡುವ ನೋಟಿಗೂ ಅಷ್ಟೇ ಶುಚಿ ಬೇಕು ಎಂಬುದು ನನ್ನ ನಂಬಿಕೆ.

ಇಂಥ ನೋಟುಗಳನ್ನು ಹೊರಡುವ ಮುಂಚೆಯೇ ಬ್ಯಾಂಕಿನಿಂದ ತರಬೇಕು. ಹತ್ತು ಇಪ್ಪತ್ತರ ನೋಟು ಬೇಕೆಂದರೆ ಮೊದಲೇ ಹೇಳಿಡಬೇಕು. ಹಡಗಿನ ಸ್ವಾಗತ ಕೌಂಟರಿನಲ್ಲಿ ಚಿಲ್ಲರೆ ಸಿಗುತ್ತದೆ ನಿಜ, ಆದರೆ ಕೊನೆಯ ದಿನ ಎಲ್ಲರೂ ಅಲ್ಲಿಗೇ ಹೋಗಿ ಸಾಲು ನಿಲ್ಲುತ್ತಾರೆ.

ಇನ್ನು ಸೇವಾಶುಲ್ಕದ ವಿಷಯಕ್ಕೆ ಬರುತ್ತೇನೆ. ನಮ್ಮವರ ನಡುವೆ ಇದರ ಬಗ್ಗೆ ಬಿಸಿಬಿಸಿ ಚರ್ಚೆಯಾಗುವುದುಂಟು. ಹಿಂದೆ ಕೊನೆಯ ರಾತ್ರಿ ಲಕೋಟೆ ಕೊಡುವುದೇ ಪದ್ಧತಿಯಾಗಿತ್ತು. ಈಗ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು ಸೇವಾಶುಲ್ಕವನ್ನು ನಮ್ಮ ಲೆಕ್ಕಕ್ಕೆ ತಾವೇ ಬರೆದುಕೊಳ್ಳುತ್ತವೆ. ಬ್ರಿಟನ್ನಿನ ಪಿ ಅಂಡ್ ಓ 2019ರಲ್ಲಿ ಇದನ್ನು ಕೈಬಿಟ್ಟು ಟಿಕೆಟ್ಟಿನ ದರದಲ್ಲೇ ಸೇರಿಸಿತು, ಅದು ಹೆಚ್ಚು ಪ್ರಾಮಾಣಿಕವಾದ ದಾರಿ. ಉಳಿದ ಕಡೆ ನಾಲ್ಕು ಜನರ ಕುಟುಂಬಕ್ಕೆ ವಾರಕ್ಕೆ ಐನೂರು ಡಾಲರಿನ ಹತ್ತಿರ ಆಗುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ಅನೇಕ ಕಂಪನಿಗಳಲ್ಲಿ ಕೌಂಟರಿಗೆ ಹೋಗಿ ತೆಗೆಸಿಹಾಕಲೂ ಅವಕಾಶವಿದೆ. "ಕಂಪನಿಗೆ ಯಾಕೆ ಕೊಡಬೇಕು, ನಮ್ಮ ಕೈಯಿಂದಲೇ ಹುಡುಗನಿಗೆ ಕೊಡುತ್ತೇವೆ" ಎನ್ನುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಶುಲ್ಕದಲ್ಲಿ ಪಾಲು ಇರುವುದು ನಮ್ಮ ಕಣ್ಣಿಗೆ ಬೀಳುವ ಇಬ್ಬರಿಗೆ ಮಾತ್ರವಲ್ಲ. ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಚಾದರ ಒಗೆಯುವವರು, ಪಾತ್ರೆ ತೊಳೆಯುವವರು, ನಡುರಾತ್ರಿ ನಡೆಹಾದಿ ಒರೆಸುವವರು, ಇಂಥವರಿಗೂ ಅನೇಕ ಕಂಪನಿಗಳಲ್ಲಿ ಅದರಿಂದಲೇ ಹಂಚಿಕೆ. ಅವರನ್ನು ಯಾವ ಪ್ರಯಾಣಿಕನೂ ನೋಡುವುದಿಲ್ಲ, ಲಕೋಟೆ ಅವರವರೆಗೆ ಇಳಿಯುವುದಿಲ್ಲ. ಇನ್ನೂ ಒಂದಿದೆ: ಶುಲ್ಕ ತೆಗೆಸಿದವರು ಕೊಟ್ಟ ನಗದನ್ನು ಸಿಬ್ಬಂದಿ ಒಟ್ಟು ನಿಧಿಗೆ ಒಪ್ಪಿಸಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ, ಶುಲ್ಕ ಹಾಗೇ ಬಿಟ್ಟು ಮೇಲೆ ಕೊಟ್ಟದ್ದು ಅವರದೇ. ಕಂಪನಿ ಸಂಬಳವನ್ನು ಪೂರ್ತಿ ಕೊಡಬೇಕಿತ್ತು ಎಂಬ ವಾದ ಸರಿಯಾದದ್ದೇ. ಅದನ್ನು ಕಂಪನಿಗೆ ಬರೆದು ತಿಳಿಸೋಣ. ಆದರೆ ಆ ವಾದದ ಬೆಲೆಯನ್ನು ಒಗೆಯುವವನ ಪಾಲಿನಿಂದ ಕಡಿಯಬಾರದು.

ಈ ಹುಡುಗರು ನಮಗೆ ಪರಕೀಯರಲ್ಲ. ಪಿ ಅಂಡ್ ಓ ಹಡಗುಗಳಲ್ಲಿ ಗೋವೆಯವರು ಸ್ಟೀವರ್ಡ್, ಅಡುಗೆಯವರಾಗಿ ದುಡಿದದ್ದು ಹತ್ತೊಂಬತ್ತನೇ ಶತಮಾನದಿಂದ. ಮುಂಬಯಿಯ ಧೋಬಿ ತಲಾವ್ ಸುತ್ತ ಊರಿಗೊಂದರಂತೆ ಅವರು ಕಟ್ಟಿಕೊಂಡ ವಸತಿಗಳಾದ ಕುಡ್‌ಗಳಲ್ಲಿ ಹಡಗು ಸಿಗುವವರೆಗೆ ಟ್ರಂಕು ಇಟ್ಟುಕೊಂಡು ಮಲಗುತ್ತಿದ್ದರು. ಇವತ್ತು ಕಾರವಾರ, ಉಡುಪಿ, ಮಂಗಳೂರಿನ ಕಡೆ ಮಗ ಶಿಪ್ಪಿಗೆ ಹೋಗಿದ್ದಾನೆ ಎನ್ನುವ ಮನೆಗಳು ಬೇಕಾದಷ್ಟಿವೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿ, ಹಡಗಿನ ಸುರಕ್ಷತಾ ತರಬೇತಿ ಕೊಡಿಸಿ, ನಾವಿಕರ ಗುರುತುಪುಸ್ತಕವಾದ ಸಿಡಿಸಿ ಮಾಡಿಸಿ, ವೈದ್ಯಕೀಯ ಪರೀಕ್ಷೆ, ವೀಸಾ ಎಂದು ಸಾಲ ಎತ್ತಿ ಕಳಿಸಿರುತ್ತಾರೆ. ಕೆಲಸ ಕೊಡಿಸಲು ನಾವಿಕರಿಂದ ಶುಲ್ಕ ಕೀಳಬಾರದೆಂದು ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. 2013ರಲ್ಲಿ ಜಾರಿಗೆ ಬಂದ ಆ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿತು. ಆದರೂ ದುಡ್ಡು ಕೇಳುವ ದಲ್ಲಾಳಿಗಳು ಇದ್ದೇ ಇದ್ದಾರೆ. ಅದೇ ಒಪ್ಪಂದ ದುಡಿಮೆಗೆ ಇಟ್ಟಿರುವ ಮಿತಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಕರಾರು ಆರರಿಂದ ಒಂಬತ್ತು ತಿಂಗಳು, ನಡುವೆ ಭಾನುವಾರ ಎನ್ನುವುದಿಲ್ಲ.

2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾದ ಕಾರಣಕ್ಕೆ ತಡೆಹಿಡಿದಾಗ ಪ್ರಯಾಣಿಕರು ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲು ಬಾಗಿಲಿಗೆ ಊಟ ಹೊತ್ತವರು ಸಿಬ್ಬಂದಿ. ಅವರಲ್ಲಿ ನೂರ ಮೂವತ್ತಕ್ಕೂ ಹೆಚ್ಚು ಭಾರತೀಯರಿದ್ದರು, ಕಾರವಾರದ ಯುವಕನೊಬ್ಬನೂ ಇದ್ದ. ಆ ವಾರಗಳಲ್ಲಿ ಪತ್ರಿಕೆ ಓದುತ್ತ ನನ್ನ ಹೊಟ್ಟೆಯಲ್ಲಿ ಎದ್ದ ಸಂಕಟ ಇನ್ನೂ ಪೂರ್ತಿ ಆರಿಲ್ಲ.

ಇನ್ನು ಟಿಪ್ಸ್ ಕೊಡುವುದಕ್ಕೆ ಕೊನೆಯ ರಾತ್ರಿಯನ್ನೇ ಕಾಯಬೇಕಾಗಿಲ್ಲ. ಕೆಲವು ಸಲ ಕೋಣೆಯ ಹುಡುಗನಿಗೆ ನಡುವೆಯೇ ಬೇರೆ ಪಾಳಿ ಬಂದು ಇನ್ನೊಬ್ಬ ಬರುತ್ತಾನೆ, ಕೊಡಬೇಕಾದವನು ಸಿಗುವುದೇ ಇಲ್ಲ. ಎರಡನೆಯ ಮೂರನೆಯ ದಿನ ಅರ್ಧ, ಕೊನೆಗೆ ಉಳಿದದ್ದು, ಹೀಗೆ ಕೊಟ್ಟರೆ ಒಳ್ಳೆಯದು. ದಿಂಬಿನ ಮೇಲೆ ಬಿಟ್ಟುಬಂದರೆ ಅದು ಮರೆತು ಹೋದ ಹಣವೋ ಕೊಟ್ಟದ್ದೋ ಎಂದು ಅವನಿಗೆ ಗೊಂದಲ. ಲಕೋಟೆಯ ಮೇಲೆ ಅವನ ಹೆಸರು ಬರೆದು, ಕೈಯಲ್ಲೇ ಇಟ್ಟು, ಮಾತಾಡಿಸಿ ಕೊಡಬೇಕು. ನಮ್ಮ ಕನ್ನಡ ಸಂಘದಿಂದ ಗುಂಪಾಗಿ ಹೋಗುವಾಗ ಹೆಸರು ನೋಂದಾಯಿಸಿದ ದಿನವೇ ಎಲ್ಲರಿಗೂ ಒಂದು ಸಾಲು ತಿಳಿಸಿದರೆ ಸಾಕು: ಟೂನಿ ಮನೆಯಲ್ಲಿರಲಿ, ಅಮೆರಿಕನ್ ನೋಟು ತನ್ನಿ. ಯಾರಾದರೂ ಒಬ್ಬರು ಎಲ್ಲರ ಪರವಾಗಿ ಬ್ಯಾಂಕಿಗೆ ಹೇಳಿ ಹತ್ತು ಇಪ್ಪತ್ತರ ಹೊಸ ನೋಟು ತರಿಸುವ ಜವಾಬ್ದಾರಿ ಹೊರಬಹುದು.

ಮನೆಗೆ ಬಂದ ಕೆಲವೇ ದಿನಗಳಲ್ಲಿ ಕಂಪನಿಯಿಂದ ಪ್ರಯಾಣ ಹೇಗಿತ್ತೆಂದು ಕೇಳುವ ಇಮೇಲ್ ಬರುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ಅದರಲ್ಲಿ ಹೆಸರು ಹಿಡಿದು ಹೊಗಳಿದ ಒಂದು ಸಾಲು ಅವರ ಬಡ್ತಿಗೆ, ಮುಂದಿನ ಕರಾರಿಗೆ ನೆರವಾಗುತ್ತದೆ ಎಂದು ಬೈಂದೂರಿನ ಹುಡುಗನೇ ಹೇಳಿದ್ದ. ಎದೆಪಟ್ಟಿಯ ಮೇಲಿರುವ ಅಕ್ಷರಗಳಲ್ಲೇ ಹೆಸರು, ಕೆಲಸ ಮಾಡುವ ಜಾಗ, ಅವನು ಮಾಡಿದ ಒಂದು ನಿರ್ದಿಷ್ಟ ಉಪಕಾರ, ಇಷ್ಟು ಬರೆಯಬೇಕು. ಇಮೇಲ್ ಬರುವ ಹೊತ್ತಿಗೆ ಹೆಸರು ಮರೆತಿರುತ್ತದೆ, ಆದ್ದರಿಂದ ಹಡಗಿನಲ್ಲಿರುವಾಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.