ಗೆಜ್ಜೆ ಬಿಚ್ಚಿದ ಮೇಲೆ

ಅತ್ತಿಗುಂಡಿಯಲ್ಲಿ ಜೂನ್ ಹೊತ್ತಿಗೆ ಮಂಜು ಅಂಗಳಕ್ಕೇ ಬಂದು ಕೂರುತ್ತದೆ. ಬಾಬಾಬುಡನ್‌ಗಿರಿಗೆ ಹೋಗುವ ರಸ್ತೆ ಹತ್ತು ಮಾರಿನಾಚೆ ಕಾಣುವುದಿಲ್ಲ. ಕರೆಂಟು ಹೋದರೆ ಎರಡು ಮೂರು ದಿನ ಸುದ್ದಿಯಿಲ್ಲ. ಅಂಥ ದಿನಗಳಿಗೆಂದೇ ನಮ್ಮ ಮನೆಯಲ್ಲಿ ಸೆಲ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ಅಪ್ಪ ಅದರಲ್ಲಿ ತಾಳಮದ್ದಳೆ ಕೇಳುತ್ತಿದ್ದರು. ಬೆಂಗಳೂರಲ್ಲಿ ಓದುತ್ತಿದ್ದ ಅಣ್ಣ ರಜೆಗೆ ಬಂದರೆ ಅದೇ ಡಬ್ಬಿಯಲ್ಲಿ ಅಮೆರಿಕದ ಹಾರ್ಡ್ ರಾಕ್ ಹಾಕುತ್ತಿದ್ದ. ಒಂದಕ್ಕೊಂದು ಸಂಬಂಧವಿಲ್ಲವೆಂದೇ ತಿಳಿದು ಬೆಳೆದೆ. ಈಗ ನೋಡಿದರೆ ಎರಡು ಕ್ಯಾಸೆಟ್ಟುಗಳಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಸ್ವಂತ ತಂಡ, ಹೆಸರು, ಕೇಳುಗರು ಎಲ್ಲ ಇರುವ ಕಲಾವಿದ ಅದನ್ನೆಲ್ಲ ಬದಿಗಿಟ್ಟು, ಬೇರೆ ತಂಡದವನ ಜೊತೆ ಯಾಕೆ ಹೋಗಿ ಕೂರುತ್ತಾನೆ?

ರಾಕ್ ಲೋಕದಲ್ಲಿ ಇಂಥ ಕೂಟಕ್ಕೆ ಸೂಪರ್‌ಗ್ರೂಪ್ ಎನ್ನುತ್ತಾರೆ. ಮೂವರು ದೊಡ್ಡವರು ಸೇರಿದರೆ ಸಂಗೀತವೂ ಮೂರು ಪಟ್ಟು ದೊಡ್ಡದು ಎಂಬ ಲೆಕ್ಕ ಆ ಹೆಸರಿನಲ್ಲೇ ಇದೆ. 1966ರಲ್ಲಿ ಎರಿಕ್ ಕ್ಲಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಸೇರಿ ಕಟ್ಟಿದ ಕ್ರೀಮ್ ತಂಡ ಎರಡೂವರೆ ವರ್ಷ ತುಂಬುವ ಮೊದಲೇ ಒಡೆಯಿತು. ಒಮ್ಮೆ ವೇದಿಕೆಯ ಮೇಲೆ ತಾನು ನುಡಿಸುವುದನ್ನು ನಿಲ್ಲಿಸಿದರೂ ಉಳಿದಿಬ್ಬರಿಗೆ ಗೊತ್ತೇ ಆಗಲಿಲ್ಲ ಎಂದು ಕ್ಲಾಪ್ಟನ್ ಹೇಳಿಕೊಂಡಿದ್ದಾನೆ. ಮೂವರೂ ಅಸಾಮಾನ್ಯರು. ಆದರೆ ಪಕ್ಕದವನ ಮೌನ ಕೇಳಿಸದಷ್ಟು ಜೋರಾಗಿ ನುಡಿಸುವ ಕಡೆ ಸಾಮರ್ಥ್ಯ ಎಷ್ಟಿದ್ದು ಏನು?

ಅಣ್ಣನ ಕ್ಯಾಸೆಟ್ಟಿನ ಕತೆ ಬೇರೆ. ಸಿಯಾಟಲ್‌ನ ಮದರ್ ಲವ್ ಬೋನ್ ತಂಡದ ಗಾಯಕ ಆಂಡ್ರ್ಯೂ ವುಡ್ 1990ರ ಮಾರ್ಚ್‌ನಲ್ಲಿ ಹೆರಾಯಿನ್‌ಗೆ ಬಲಿಯಾದ. ಆಗ ಅವನಿಗೆ 24 ವರ್ಷ. ಅವನೊಡನೆ ಒಂದೇ ಮನೆಯಲ್ಲಿ ಇದ್ದ ಕ್ರಿಸ್ ಕಾರ್ನೆಲ್ ಸೌಂಡ್‌ಗಾರ್ಡನ್ ತಂಡದ ಗಾಯಕ. ಗೆಳೆಯ ಸತ್ತ ಸಂಕಟ ತಡೆಯಲಾರದೆ ಎರಡು ಹಾಡು ಬರೆದ. ಅವು ತನ್ನ ತಂಡದ ಧಾಟಿಗೆ ಹೊಂದುವ ಹಾಡುಗಳಾಗಿರಲಿಲ್ಲ. ಸತ್ತವನ ತಂಡದಲ್ಲೇ ಇದ್ದ ಸ್ಟೋನ್ ಗಾಸರ್ಡ್, ಜೆಫ್ ಅಮೆಂಟ್ ಅವರನ್ನು ಕರೆದ. ಹಾಗೆ ಕೂಡಿದ್ದು ಟೆಂಪಲ್ ಆಫ್ ದ ಡಾಗ್. ಸುಮಾರು ಎರಡು ವಾರದಲ್ಲಿ ಧ್ವನಿಮುದ್ರಣ ಮುಗಿಯಿತು. 1991ರ ಏಪ್ರಿಲ್‌ನಲ್ಲಿ ಬಂದ ಆಲ್ಬಮ್ ಮೊದಲಿಗೆ ಹೆಚ್ಚು ಜನರನ್ನು ತಲುಪಲಿಲ್ಲ. ಅದರಲ್ಲಿ ಹಾಡಿ ನುಡಿಸಿದವರ ಪರ್ಲ್ ಜ್ಯಾಮ್, ಸೌಂಡ್‌ಗಾರ್ಡನ್ ತಂಡಗಳು ಮನೆಮಾತಾದ ಮೇಲೆಯೇ ಅದನ್ನು ಸೂಪರ್‌ಗ್ರೂಪ್ ಎಂದು ಕರೆದು ಹುಡುಕಿ ಕೊಂಡರು. ಒಳಗಿದ್ದವರ ಪಾಲಿಗೆ ಅದು ತಿಥಿಯ ಮನೆಯಲ್ಲಿ ಸೇರಿದ ಹಾಗಿತ್ತು.

ಅಲ್ಲಿ ನಡೆದ ಒಂದು ಸಣ್ಣ ಸಂಗತಿ ನನಗೆ ತುಂಬ ದೊಡ್ಡದು. ‘ಹಂಗರ್ ಸ್ಟ್ರೈಕ್’ ಹಾಡಿನ ಕೆಳ ಸ್ಥಾಯಿಯ ಭಾಗ ಕಾರ್ನೆಲ್‌ಗೆ ಸರಿಯಾಗಿ ಕೂರುತ್ತಿರಲಿಲ್ಲ. ಹೊಸ ತಂಡವೊಂದಕ್ಕೆ ಹಾಡುವ ಅವಕಾಶ ಹುಡುಕಿ ಊರಿಗೆ ಬಂದಿದ್ದ ಎಡ್ಡಿ ವೆಡರ್ ಎಂಬ, ಯಾರಿಗೂ ಗೊತ್ತಿಲ್ಲದ ಹುಡುಗ ಎದ್ದು ಬಂದು ಅದನ್ನು ಹಾಡಿದ. ಕಾರ್ನೆಲ್ ಆ ಜಾಗವನ್ನು ಅವನಿಗೇ ಬಿಟ್ಟುಕೊಟ್ಟ. ಹೆಸರು ಉಳಿಸಿಕೊಳ್ಳುವ ಚಿಂತೆಯಲ್ಲಿರುವವನು ಹೀಗೆ ಬಿಡಲಾರ.

ಈಗ ಅಪ್ಪನ ಕ್ಯಾಸೆಟ್ಟು. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ಆಚೀಚೆ ಹೊರಟು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಆಟವಿಲ್ಲ, ತಾಳಮದ್ದಳೆ ಉಂಟು. ಬೇರೆ ಬೇರೆ ಮೇಳದವರು, ಅವರ ಜೊತೆಗೆ ಮೇಷ್ಟ್ರು, ವಕೀಲರು, ಅಡಿಕೆ ತೋಟದವರು ಒಂದು ರಾತ್ರಿಗೆಂದು ಸೇರುತ್ತಾರೆ. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ, ಶಾಲು, ಎದುರೊಬ್ಬ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥ, ಅಂದರೆ ಪಾತ್ರದ ಮಾತು, ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಬಾಣ ತಗುಲಿ ಬಿದ್ದ ಮೇಲೆ ಕೇಳುವ ಮಾತಿಗೆ ಅಪ್ಪ ಪ್ರತಿ ಸಲ ಟೇಪಿನ ಹತ್ತಿರ ಸರಿದು ಕೂರುತ್ತಿದ್ದರು. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಎದುರಿನ ರಾಮ ಸಿದ್ಧ ಉತ್ತರವನ್ನು ಮುಂದಿಟ್ಟು ಗೆದ್ದುಬಿಟ್ಟರೆ ಕೂಟ ಸತ್ತಿತು. ಪ್ರಶ್ನೆ ತನ್ನನ್ನು ತಾಗಿತು ಎಂದು ರಾಮ ತೋರಿಸಬೇಕು, ಒಂದು ಕ್ಷಣ ಸೋಲಬೇಕು. ಪೀಠಿಕೆಯನ್ನೇ ಗಂಟೆಗಟ್ಟಲೆ ಎಳೆದು ಎದುರಿನವನಿಗೆ ಹಿಡಿಯಲು ಒಂದು ಎಳೆಯನ್ನೂ ಬಿಡದ ಅರ್ಥಧಾರಿ ಎಂಥ ಪಂಡಿತನಾದರೂ ಅಪ್ಪ ಕ್ಯಾಸೆಟ್ಟು ಮಗುಚಿ ಹಾಕುತ್ತಿದ್ದರು.

ಆದ್ದರಿಂದ ನಾನು ಹೇಳುವುದು ಇಷ್ಟು: ದೊಡ್ಡವರ ಕೂಟದಲ್ಲಿ ಪರೀಕ್ಷೆಗೆ ಬರುವುದು ಅವರು ಎಷ್ಟು ಬಲ್ಲರು ಎಂಬುದಲ್ಲ, ಎಷ್ಟು ಎಡೆ ಬಿಡಬಲ್ಲರು ಎಂಬುದು. ತನ್ನ ತಂಡದಲ್ಲಿ ಕಲಾವಿದ ತನ್ನದೇ ಧಾಟಿಗೆ ಕಾವಲುಗಾರ. ಜನ ಅದನ್ನು ಕೇಳಲೆಂದೇ ಬಂದಿರುತ್ತಾರೆ. ಹೊರಗಿನ ಕೂಟದಲ್ಲಿ ಆ ಕಾವಲು ಒಂದು ರಾತ್ರಿಯ ಮಟ್ಟಿಗೆ ತಪ್ಪುತ್ತದೆ.

ಹಾಗಾದರೆ ಮುಖ್ಯ ತಂಡವೆಂಬುದು ಬರೀ ಬಂಧನ, ನಿಜವಾದ ಕಲೆ ಇರುವುದು ಹೊರಗೆ ಮಾತ್ರವೇ? ಅಣ್ಣ ಹಾಗೇ ವಾದಿಸುತ್ತಿದ್ದ. ನಾನು ಒಪ್ಪುವುದಿಲ್ಲ. ನಮ್ಮ ಕೆಳಗಿನ ತೋಟಗಳಲ್ಲಿ ಸಿಲ್ವರ್ ಮರಕ್ಕೆ ಕಾಳುಮೆಣಸು ಹಬ್ಬಿಸುತ್ತಾರೆ. ಮೆಣಸು ಉಪಬೆಳೆ. ಕಾಫಿ ಬೆಲೆ ಕುಸಿದ ವರ್ಷ ಆ ಬಳ್ಳಿಯೇ ಮನೆ ನಡೆಸಿತು ಎನ್ನುವವರೂ ಇದ್ದಾರೆ. ಆದರೆ ಮರ ನೆಟ್ಟದ್ದು ಕಾಫಿಯ ನೆರಳಿಗೆ. ಗೊಬ್ಬರ, ಕಳೆ, ಚರಂಡಿ ಎಲ್ಲ ಕಾಫಿಯ ಹೆಸರಿನಲ್ಲಿ ನಡೆದ ದುಡಿಮೆ. ಮೇಳದ ಕಲಾವಿದನೂ ಆರು ತಿಂಗಳು ದಿನಾ ನಿದ್ದೆಗೆಟ್ಟು ಕುಣಿದು ಪದ್ಯಗಳನ್ನು ಮೈಯಲ್ಲಿ ಇಳಿಸಿಕೊಂಡಿರುತ್ತಾನೆ. ಮಳೆಗಾಲದ ರಾತ್ರಿ ಅವನ ಬಾಯಲ್ಲಿ ಹೊಸದೆಂಬಂತೆ ಬರುವ ಮಾತು ಆ ಆರು ತಿಂಗಳ ಫಸಲು. ಬೇರಿಲ್ಲದವನಿಗೆ ಬಿಡುವುದಕ್ಕೂ ಏನೂ ಇರುವುದಿಲ್ಲ.

ಇದಕ್ಕೊಂದು ನೋಯಿಸುವ ಮಗ್ಗುಲೂ ಉಂಟು. ಬಿಡುವ ಸ್ವಾತಂತ್ರ್ಯ ಇರುವುದು ನೆಲೆ ಸಿಕ್ಕವನಿಗೆ. ಅವನು ಹೊರಗೆ ಹೋದಾಗ ಅವನ ತಂಡದ ಹಿಂದಿನ ಸಾಲಿನವನು ಸಂಬಳವಿಲ್ಲದೆ ಕಾಯುತ್ತಿರುತ್ತಾನೆ. ಮಳೆಗಾಲದಲ್ಲಿ ಕೂಟಗಳಿಗೆ ಕರೆ ಬರುವುದು ಮಾತು ಬಲ್ಲ ಕೆಲವರಿಗೆ. ಕುಣಿತವನ್ನೇ ನಂಬಿದ ಹುಡುಗನಿಗೆ ಆ ತಿಂಗಳುಗಳಲ್ಲಿ ಬೇರೆ ಕೂಲಿಯೇ ಗತಿ. ಕೂಟದ ಚೆಲುವನ್ನು ಹೊಗಳುವಾಗ ಅವನನ್ನು ಮರೆಯಲು ನನಗೆ ಆಗುವುದಿಲ್ಲ.

ಟೆಂಪಲ್ ಆಫ್ ದ ಡಾಗ್ ಮೊದಲ ಸಲ ಊರೂರಿಗೆ ಹೋದದ್ದು 2016ರಲ್ಲಿ, ಆಲ್ಬಮ್‌ಗೆ 25 ವರ್ಷವಾದಾಗ. ವೆಡರ್ ಆ ಪ್ರವಾಸಕ್ಕೆ ಹೋಗಲಿಲ್ಲ. ‘ಹಂಗರ್ ಸ್ಟ್ರೈಕ್’ ಬಂದಾಗ ಕೆಳ ಸ್ಥಾಯಿಯ ಆ ಭಾಗವನ್ನು ಕಾರ್ನೆಲ್ ಸಭಿಕರಿಗೆ ಬಿಟ್ಟ. ಹಾಡಿದ್ದು ಅವರು.