ಔಷಧಿಯಲ್ಲಿ ರೋಗಿಯ ಪಾಲು



ಗ್ಲಿವೆಕ್ ಒಂದು ಬಗೆಯ ರಕ್ತ ಕ್ಯಾನ್ಸರಿನ ಮಾತ್ರೆ. ಅದರ ರಾಸಾಯನಿಕವನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನ ಕಂಪೆನಿಯ (ಇಂದಿನ ನೊವಾರ್ಟಿಸ್) ವಿಜ್ಞಾನಿಗಳು. ಈ ರೋಗಕ್ಕೆ ಇದನ್ನು ಪರೀಕ್ಷಿಸಲೇಬೇಕೆಂದು ಪಟ್ಟುಹಿಡಿದವರು ಅಮೆರಿಕದ ಓರೆಗಾನಿನ ವೈದ್ಯ ಬ್ರಯಾನ್ ಡ್ರಕರ್. 1998ರಲ್ಲಿ, ಗುಣವಾಗುವ ಖಾತ್ರಿಯಿಲ್ಲದೆಯೂ, ಅದನ್ನು ಮೊದಲು ನುಂಗಿದವರು ರೋಗಿಗಳು.

ಮುಂದೆ ಭಾರತದಲ್ಲಿ ಕಂಪೆನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ಇಲ್ಲಿನ ತಯಾರಕರ ಮಾತ್ರೆಗೆ ಆಗ 10,000ದ ಆಸುಪಾಸು ಇತ್ತು. ಹಳೆಯ ಮದ್ದಿನ ಹೊಸ ರೂಪ ಹೆಚ್ಚು ಗುಣಕಾರಿ ಎಂದು ತೋರಿಸದೆ ಪೇಟೆಂಟ್ ಸಿಗದೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪಿತ್ತಿತು. ಕಂಪೆನಿ ಹಲವು ಬಡವರಿಗೆ ಉಚಿತವಾಗಿ ಕೊಟ್ಟದ್ದೂ ನಿಜವೇ. ಆದರೆ ದಾನ ಬೇರೆ, ನ್ಯಾಯ ಬೇರೆ.

ಖಾಸಗಿ ಆಸ್ತಿಯ ಮೇಲೆ ಸಮಾಜದ ಅಡಮಾನವಿದೆ ಎಂದು ಸಂತ ಎರಡನೇ ಜಾನ್ ಪಾಲರು 1987ರ ವಿಶ್ವಪತ್ರದಲ್ಲಿ ಬೋಧಿಸಿದರು. ಜ್ಞಾನ, ತಂತ್ರಜ್ಞಾನಗಳೂ ಆಸ್ತಿಯೇ ಎಂದು 1991ರಲ್ಲಿ ಸೇರಿಸಿದರು. ಅಂದಮೇಲೆ ಮಾತ್ರೆಯ ಸೂತ್ರಕ್ಕೂ ಆ ಋಣ ತಪ್ಪಿದ್ದಲ್ಲ.

ಔಷಧ ನೀತಿ ರೂಪಿಸುವವರಲ್ಲಿ ಕೆಲವರು ಇಂದು ವಿಶ್ವವಿದ್ಯಾಲಯದಲ್ಲಿ, ನಾಳೆ ಕಂಪೆನಿಯಲ್ಲಿ, ನಾಡಿದ್ದು ಆಸ್ಪತ್ರೆಯಲ್ಲಿ ಇರುತ್ತಾರೆ. ಅದು ತಪ್ಪೆಂದು ನನಗನಿಸುವುದಿಲ್ಲ. ಮೂರೂ ಕಡೆಯ ಕಷ್ಟ ಬಲ್ಲವರು ಬೇಕು. ಲಾಭವಿಲ್ಲದಿದ್ದರೆ ಮುಂದಿನ ಮದ್ದಿಗೆ ಯಾರು ಹಣ ಹಾಕುತ್ತಾರೆ ಎಂಬ ಕಂಪೆನಿಯ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಆದರೆ ಹಾಕಿದ್ದು ಹಣ ಮಾತ್ರವೇ? ಪೇಟೆಂಟ್ ಪತ್ರದಲ್ಲಿ ಸಂಶೋಧಕನ ಹೆಸರಿರುತ್ತದೆ, ಕಂಪೆನಿಯ ಹೆಸರಿರುತ್ತದೆ. ಪ್ರಯೋಗಕ್ಕೆ ಮೈಯೊಡ್ಡಿದವರ ಹೆಸರಿರುವುದಿಲ್ಲ. ನರ್ಸಿಂಗ್, ಫಾರ್ಮಸಿ ಓದುತ್ತಿರುವ ನಮ್ಮ ಮನೆಯ ಮಕ್ಕಳೊಡನೆ ಈ ಮಾತನ್ನು ಊಟದ ಹೊತ್ತಿಗೊಮ್ಮೆ ಎತ್ತಿ ನೋಡಿ.