ಬೆಲೆಯಿಲ್ಲದ ಸರಕಿನ ಋಣ

ಹಣ ತೆರದೆ ಪಡೆದ ವಸ್ತುವಿಗೆ ಋಣವುಂಟೇ? ವರ್ತಕನ ಖಾತೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಧರ್ಮದ ಖಾತೆಯಲ್ಲಿ ಉಂಟು.

ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶವನ್ನು ಸಾವಿರಾರು ಜನರು ಕೂಡಿ ರಚಿಸಿ ಲೋಕಕ್ಕೆ ಮುಕ್ತವಾಗಿ ನೀಡಿದ್ದಾರೆ. 1991ರಲ್ಲಿ ರೂಪುಗೊಂಡ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿ ಅದಕ್ಕೆ ಅನ್ವಯಿಸುತ್ತದೆ. ಅದನ್ನು ಯಾರಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಮುಖ್ಯವಾದ ಷರತ್ತೆಂದರೆ, ಕೊಂಡವನಿಗೆ ಓದಿ ತಿದ್ದಬಲ್ಲ ಮೂಲರೂಪವನ್ನೂ ಅವೇ ಹಕ್ಕುಗಳನ್ನೂ ಕೊಡಬೇಕು.

2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಸಂಸ್ಥೆಯು ಮನೆಗಳಲ್ಲಿ ಇಂಟರ್ನೆಟ್ ಹಂಚುವ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಸಿಸ್ಕೋ ಸಂಸ್ಥೆಯು ಲಿಂಕ್‌ಸಿಸ್ಸನ್ನು ಕೊಂಡಿತು. ರೂಟರಿನೊಳಗೆ ಲಿನಕ್ಸ್ ಅಡಗಿದೆ, ಆದರೆ ಮೂಲರೂಪವನ್ನು ಕೊಟ್ಟಿಲ್ಲ ಎಂಬುದು ಅದೇ ವರ್ಷ ಬಯಲಾಯಿತು. ತಂತ್ರಾಂಶವು ಬಂದುದು ಚಿಪ್ ಒದಗಿಸಿದ ಬ್ರಾಡ್‌ಕಾಮ್ ಕಡೆಯಿಂದ. ಹಾಗಾದರೆ ಹೊಣೆ ಯಾರದು?

ತೂಕ ಕಡಿಮೆಯಿದ್ದ ಮೂಟೆಯನ್ನು ಸಗಟು ಮಳಿಗೆಯಿಂದ ತಂದು, ತನ್ನ ಮುದ್ರೆಯೊತ್ತಿ ಮಾರಿದವನು "ನಾನರಿಯೆ" ಎಂದರೆ ಗಿರಾಕಿಯು ಒಪ್ಪುವನೇ? ಮುದ್ರೆ ಯಾರದೋ ಹೊಣೆಯೂ ಅವರದೇ. ಅರಿಯದೆ ಮಾರಿದ್ದು ಪ್ರಮಾದ. ಅರಿತ ಮೇಲೂ ಮೌನವಾಗಿರುವುದು ವಂಚನೆ.

ಒತ್ತಾಯ ಬಂದ ಮೇಲೆ 2003ರಲ್ಲೇ ಮೂಲರೂಪವು ಪ್ರಕಟವಾಯಿತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಯೋಜನೆ ಹುಟ್ಟಿತು. ತಾವೇ ತಿದ್ದಿಕೊಳ್ಳಬಯಸುವ ಗ್ರಾಹಕರಿಗಾಗಿ 2005ರಲ್ಲಿ ಲಿಂಕ್‌ಸಿಸ್ ಪ್ರತ್ಯೇಕ ಮಾದರಿಯನ್ನೇ ಹೊರತಂದಿತು. ಕೊಡಬೇಕಾದುದನ್ನು ಕೊಟ್ಟದ್ದರಿಂದ ವ್ಯಾಪಾರವು ಕೆಡಲಿಲ್ಲ. ಆದರೂ ಹಲವು ಉತ್ಪನ್ನಗಳ ಬಗೆಗೆ 2008ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ಮೇಲೆ ದಾವೆ ಹೂಡಬೇಕಾಯಿತು. 2009ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಹಣ ಕೇಳದೆ ಕೊಟ್ಟವರು ಬೇಡಿದ್ದು ಒಂದು ಮಾತನ್ನು ಮಾತ್ರ. ಆ ಮಾತೇ ಸರಕಿನ ಬೆಲೆ. ಅದನ್ನು ತೆರದೆ ಮಾರುವವನ ಲಾಭದಲ್ಲಿ ಪರರ ಪಾಲು ಉಳಿದೇ ಇರುತ್ತದೆ.